ಹಳೆಯ ಚಿತ್ರವೊಂದನ್ನು ಮತ್ತೆ ಬರೆಯುತ್ತಾ ತೈಲವರ್ಣ ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ತೈಲವರ್ಣ ಕಲಿಸುವಾಗ ತರಗತಿಯಲ್ಲಿ, ಜಗನ್ಮೋಹನ ಅರಮನೆಯ ಚಿತ್ರಶಾಲೆ ನೋಡಿ ಹೊರಬರುವಾಗ, ಮಂಡ್ಯ ಮತ್ತು ಶ್ರೀರಂಗಪಟ್ಟಣದಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಮಾನವಾಕೃತಿಗಳಿರುವ ಶಾಸ್ತ್ರೀಯ ಶೈಲಿಯ ಒಂದು ದೃಶ್ಯವನ್ನು ಆರಿಸಿಕೊಂಡು, ಅದನ್ನು ಪದರ ಪದರವಾಗಿ ಮತ್ತೆ ಕಟ್ಟುತ್ತಾ ಕಲಿಯುವ ಕ್ರಮಕ್ಕೆ ಮಾತ್ರ ಈ ಉತ್ತರಗಳು ಸಂಬಂಧಿಸಿವೆ.

## ಶುರು ಮಾಡುವ ಮುನ್ನ

ಬೇರೆಯವರ ಚಿತ್ರ ನೋಡ್ಕೊಂಡು ಬರೆಯೋದು ಕಾಪಿ ಹೊಡೆದ ಹಾಗಲ್ವಾ ಮೇಡಂ? ಅದ್ರಿಂದ ಕಲಿಯೋಕೆ ಏನಿದೆ?

ಮುಗಿದ ತೈಲಚಿತ್ರವು ತಾನು ಯಾವ ಕ್ರಮದಲ್ಲಿ ಹುಟ್ಟಿತು ಎಂಬುದನ್ನು ಮುಚ್ಚಿಟ್ಟುಕೊಂಡಿರುತ್ತದೆ. ಕೆನ್ನೆಯ ಹೊಳಪು ಮೊದಲು ಬಂತೋ, ಅದರ ಪಕ್ಕದ ನೆರಳು ಮೊದಲು ಬಂತೋ, ಸೆರಗಿನ ಕೆಂಪು ಒಂದೇ ಸಲಕ್ಕೆ ಹಚ್ಚಿದ್ದೋ ಅಥವಾ ಕಂದು ಪದರದ ಮೇಲೆ ತೆಳುವಾಗಿ ಹರಡಿದ್ದೋ ಎಂಬುದು ಸುಮ್ಮನೆ ನೋಡಿದರೆ ತಿಳಿಯುವುದಿಲ್ಲ. ಅದೇ ಚಿತ್ರವನ್ನು ಕೈಯಾರೆ ಬರೆಯಲು ಕುಳಿತಾಗ ಈ ಪ್ರಶ್ನೆಗಳನ್ನು ಒಂದೊಂದಾಗಿ ಎದುರಿಸಲೇಬೇಕಾಗುತ್ತದೆ, ಮತ್ತು ಕಲಿಕೆ ನಡೆಯುವುದು ಅಲ್ಲಿಯೇ.

ರಾಜಾ ರವಿವರ್ಮ ಅವರ ಬದುಕಿನಲ್ಲೂ ಇಂಥದೊಂದು ಅಧ್ಯಾಯವಿದೆ. ತಿರುವಾಂಕೂರು ಆಸ್ಥಾನದಲ್ಲಿ ತೈಲವರ್ಣ ಬಲ್ಲ ಹಿರಿಯ ಚಿತ್ರಕಾರರೊಬ್ಬರು ತಮ್ಮ ವಿದ್ಯೆಯನ್ನು ಬಿಟ್ಟುಕೊಡಲಿಲ್ಲ. 1868ರಲ್ಲಿ ಅಲ್ಲಿಗೆ ಬಂದ ಥಿಯೋಡರ್ ಜೆನ್ಸನ್ ಎಂಬ ಐರೋಪ್ಯ ಭಾವಚಿತ್ರಕಾರರು ತಾವು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು ನೋಡಲಷ್ಟೇ ಅವಕಾಶ ಕೊಟ್ಟರು. ನೋಡಿದ್ದನ್ನು ಮನೆಗೆ ಹೋಗಿ ತಾವೇ ಮಾಡಿ ಪರೀಕ್ಷಿಸಿಕೊಳ್ಳುವುದು ತರುಣ ರವಿವರ್ಮ ಅವರಿಗೆ ಉಳಿದ ದಾರಿಯಾಗಿತ್ತು. ನಮ್ಮ ಮುಂದೆ ಜೆನ್ಸನ್ ಇಲ್ಲ, ಚಿತ್ರ ಮಾತ್ರ ಇದೆ. ದಾರಿ ಹೆಚ್ಚು ಕಡಿಮೆ ಅದೇ.

ನಂಗೆ ಡ್ರಾಯಿಂಗೇ ಸರಿಯಾಗಿ ಬರಲ್ಲ, ನೇರವಾಗಿ ಆಯಿಲ್ ಪೇಂಟಿಂಗ್ ಶುರು ಮಾಡ್ಬಹುದಾ?

ಮಾಡಬಹುದು. ಆದರೆ ಆರಿಸಿಕೊಂಡ ಆಕೃತಿಯನ್ನೇ ಇದ್ದಿಲು ಕಡ್ಡಿಯಲ್ಲಿ ಕಾಗದದ ಮೇಲೆ ಹಲವು ಸಲ ಬರೆದು ನೋಡಿಕೊಂಡ ನಂತರ ಕ್ಯಾನ್ವಾಸಿಗೆ ಬನ್ನಿ. ತಲೆ ವಾಲಿರುವ ಕೋನ, ಎರಡು ಭುಜಗಳನ್ನು ಸೇರಿಸುವ ಗೆರೆ, ಕುಳಿತ ಸೊಂಟದ ಭಾರ ಯಾವ ಕಡೆಗಿದೆ ಎಂಬುದು, ಈ ಮೂರು ಸರಿಯಾದರೆ ಉಳಿದದ್ದನ್ನು ಬಣ್ಣದಲ್ಲೂ ತಿದ್ದಿಕೊಳ್ಳಬಹುದು. ತೈಲವರ್ಣ ನಿಧಾನವಾಗಿ ಒಣಗುವುದರಿಂದ ತಪ್ಪಿದ್ದನ್ನು ಬಟ್ಟೆಯಿಂದ ಒರೆಸಿ ಮತ್ತೆ ಬರೆಯುವ ಅವಕಾಶವಿದೆ, ಅದು ಜಲವರ್ಣದಲ್ಲಿ ಅಷ್ಟಾಗಿ ಸಿಗುವುದಿಲ್ಲ.

ಯಾವ ಚಿತ್ರ ತಗೊಂಡ್ರೆ ಒಳ್ಳೇದು? ಇಡೀ ದೃಶ್ಯ ಬರೀಬೇಕಾ?

ಇಡೀ ದೃಶ್ಯ ಬೇಡ. ಬೆಳಕು ಒಂದೇ ಕಡೆಯಿಂದ ಬೀಳುತ್ತಿರುವ, ಹಿನ್ನೆಲೆ ಗದ್ದಲವಿಲ್ಲದೆ ಶಾಂತವಾಗಿರುವ, ಕನಿಷ್ಠ ಒಂದು ಕೈ ಸ್ಪಷ್ಟವಾಗಿ ಕಾಣುವ ಭಾಗವನ್ನು ಹುಡುಕಿ. ಮೈಸೂರಿನವರಿಗೆ ಹತ್ತಿರದ ಉದಾಹರಣೆ ಎಂದರೆ ಜಗನ್ಮೋಹನ ಅರಮನೆಯ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆಯಲ್ಲಿರುವ ರವಿವರ್ಮ ಅವರ ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’. ದೇಶದ ಬೇರೆ ಬೇರೆ ಪ್ರಾಂತಗಳ ಉಡುಗೆ ತೊಟ್ಟ 11 ಮಂದಿ ಮಹಿಳೆಯರು ಅದರಲ್ಲಿ ಒಟ್ಟಾಗಿದ್ದಾರೆ. ಅಷ್ಟೂ ಜನರನ್ನು ಮೊದಲ ಯತ್ನಕ್ಕೇ ಕೈಗೆತ್ತಿಕೊಂಡರೆ ಯಾರ ಮುಖವೂ ಮುಖವಾಗಿ ಬರುವುದಿಲ್ಲ. ಅವರಲ್ಲಿ ಒಬ್ಬರನ್ನು, ಹೆಚ್ಚೆಂದರೆ ಅಕ್ಕಪಕ್ಕದ ಇಬ್ಬರನ್ನು ಆರಿಸಿಕೊಂಡು, ಮುಖವೇ ಸುಮಾರು ಮೂರು ಇಂಚು ಎತ್ತರ ಬರುವಷ್ಟು ಅಳತೆಯಲ್ಲಿ ಬರೆಯಿರಿ. ಮುಖ ಅದಕ್ಕಿಂತ ಚಿಕ್ಕದಾದರೆ ಕಣ್ಣಿನ ರೆಪ್ಪೆಗೆ ಎಳೆಯಂಥ ಕುಂಚ ಬೇಕಾಗುತ್ತದೆ, ಕಲಿಯುವವರ ಕೈ ಅಲ್ಲಿಗೆ ಬಿಗಿದುಕೊಳ್ಳುತ್ತದೆ.

ದೀಪ ಹಿಡ್ಕೊಂಡಿರೋ ಹೆಂಗಸಿನ ಚಿತ್ರ ಇದ್ಯಲ್ಲಾ, ರವಿವರ್ಮಂದು, ಅದನ್ನೇ ಮೊದಲು ಮಾಡ್ಲಾ?

ಆ ಚಿತ್ರ ರವಿವರ್ಮ ಅವರದ್ದಲ್ಲ, ಎಸ್. ಎಲ್. ಹಲ್ದಂಕರ್ ಅವರದ್ದು. ತೈಲವರ್ಣವೂ ಅಲ್ಲ, ಅದು ಜಲವರ್ಣ. ಈ ಎರಡನೆಯ ಅಂಶ ನಮ್ಮ ಕಲಿಕೆಗೆ ಬಹಳ ಮುಖ್ಯ. ಜಲವರ್ಣದಲ್ಲಿ ಬೆಳಕು ಎಂದರೆ ಮುಟ್ಟದೆ ಉಳಿಸಿಕೊಂಡ ಕಾಗದ, ತೈಲವರ್ಣದಲ್ಲಿ ಬೆಳಕು ಎಂದರೆ ಕೊನೆಗೆ ದಪ್ಪವಾಗಿ ಇಡುವ ಬಣ್ಣ. ಕೆಲಸದ ದಿಕ್ಕೇ ತಿರುಗುಮುರುಗಾಗುವುದರಿಂದ, ಆ ಬೆರಳುಗಳ ಸಂದಿನಲ್ಲಿ ಹೊಮ್ಮುವ ಕೆಂಬೆಳಕನ್ನು ಎಣ್ಣೆಬಣ್ಣಕ್ಕೆ ತರುವುದು ಅನುಭವಿಗಳಿಗೂ ಕಷ್ಟ. ಚಿತ್ರಶಾಲೆಗೆ ಹೋದಾಗ ಆ ಚಿತ್ರದ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲಿ. ಮೊದಲ ಪಾಠಕ್ಕೆ ಬೇರೊಂದನ್ನು ತೆಗೆದುಕೊಳ್ಳಿ.

ಮನೇಲಿ ಅಜ್ಜಿ ಕಾಲದ ರವಿವರ್ಮನ ಪಟ ಇದೆ. ಅದನ್ನ ಎದುರಿಗಿಟ್ಕೊಂಡು ಬರೀಬಹುದಾ?

ರೇಖೆ ಮತ್ತು ಭಂಗಿಗೆ ಬಳಸಬಹುದು, ಬಣ್ಣಕ್ಕೆ ಬಳಸಬೇಡಿ. ರವಿವರ್ಮ ಅವರು 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಆರಂಭಿಸಿದ ಮೇಲೆ ಮನೆಮನೆಗೆ ಬಂದ ಪಟಗಳು ಕಲ್ಲಚ್ಚಿನಲ್ಲಿ ಒಂದರ ಮೇಲೊಂದು ಬಣ್ಣ ಒತ್ತಿ ತೆಗೆದ ಪ್ರತಿಗಳು. ಮೂಲದ ತೆಳುವಾದ ನಡುಛಾಯೆಗಳು, ಅಂದರೆ ಬೆಳಕು ನೆರಳುಗಳ ನಡುವಿನ ಬಣ್ಣಗಳು, ಅವುಗಳಲ್ಲಿ ಪೂರ್ತಿ ಉಳಿದಿರುವುದಿಲ್ಲ, ಕಾಗದವೂ ಹಳದಿಗಟ್ಟಿರುತ್ತದೆ. ಅವನ್ನು ನಂಬಿ ಬೆರೆಸಿದ ಮೈಬಣ್ಣ ಅರಿಶಿನ ಬಳಿದಂತೆ ಬರುತ್ತದೆ.

ಚಿತ್ರಶಾಲೆಗೆ ಹೋದಾಗ ಏನು ನೋಡ್ಬೇಕು ಅಂತಾನೇ ಗೊತ್ತಾಗಲ್ಲ. ಒಂದು ಸುತ್ತು ಹಾಕ್ಕೊಂಡು ಬಂದ್ಬಿಡ್ತೀವಿ.

ಒಂದು ಭೇಟಿಗೆ ಒಂದೇ ಚಿತ್ರ ಸಾಕು. ಚಿಕ್ಕ ಪುಸ್ತಕ, ಪೆನ್ಸಿಲ್ ಜೊತೆಗಿರಲಿ. ಫೋಟೋ ತೆಗೆಯಬಹುದೇ ಎಂಬುದನ್ನು ಬಾಗಿಲಲ್ಲೇ ವಿಚಾರಿಸಿಕೊಳ್ಳಿ. ಮೊದಲು ಹತ್ತು ಅಡಿ ದೂರ ನಿಂತು ಕಣ್ಣು ಕಿರಿದು ಮಾಡಿ, ಇಡೀ ಚಿತ್ರದಲ್ಲಿ ಅತ್ಯಂತ ಬೆಳ್ಳಗಿನ ಜಾಗ ಯಾವುದು, ಅತ್ಯಂತ ಕಪ್ಪಗಿನದು ಯಾವುದು ಎಂದು ಬರೆದುಕೊಳ್ಳಿ. ಆಮೇಲೆ ಹತ್ತಿರ ಹೋಗಿ ಆಕೃತಿಯ ಹೊರಗೆರೆ ಎಲ್ಲಿ ಚೂಪಾಗಿದೆ, ಎಲ್ಲಿ ಹಿನ್ನೆಲೆಯಲ್ಲಿ ಕರಗಿಹೋಗಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಗಾಜಿನ ಮೇಲೆ ಬೆಳಕು ಪ್ರತಿಫಲಿಸುತ್ತಿದ್ದರೆ ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದರೆ ಕೆಲವು ಕಡೆ ಬಣ್ಣದ ಉಬ್ಬು ಕೂಡ ಕಾಣಿಸುತ್ತದೆ. ಅಂಬಾವಿಲಾಸ ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲಿರುವ ದಸರಾ ಮೆರವಣಿಗೆಯ ತೈಲಚಿತ್ರಗಳನ್ನೂ ಬಿಡಬೇಡಿ. ನೂರಾರು ಜನರ ಗುಂಪಿನಲ್ಲಿ ಕೆಲವರನ್ನು ಮಾತ್ರ ಬೆಳಕಿಗೆ ತಂದು ಉಳಿದವರನ್ನು ನೆರಳಿಗೆ ಬಿಡುವುದು ಹೇಗೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನಮ್ಮೂರಿನಲ್ಲಿ ನನಗೆ ತಿಳಿದಿಲ್ಲ.

## ಸಾಮಗ್ರಿ ಮತ್ತು ಜಾಗ

ಅಂಗಡೀಲಿ ದೊಡ್ಡ ಸೆಟ್ಟೇ ತಗೋಬೇಕಾ? ಎಷ್ಟು ಬಣ್ಣ ಸಾಕು?

ಆರು ಟ್ಯೂಬು ಸಾಕು: ಟೈಟೇನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ಂಟ್ ಸಿಯೆನ್ನಾ (ಕೆಂಗಂದು), ಬರ್ಂಟ್ ಅಂಬರ್ (ಕಡುಗಂದು), ಅಲ್ಟ್ರಾಮರೀನ್ ಬ್ಲೂ ಮತ್ತು ಒಂದು ಒಳ್ಳೆಯ ಕೆಂಪು. ಬಿಳಿಯನ್ನು ಮಾತ್ರ ದೊಡ್ಡ ಟ್ಯೂಬಿನಲ್ಲಿ ಕೊಳ್ಳಿ, ಅದು ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಬರ್ಂಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಸೇರಿದರೆ ಕಪ್ಪಿಗೆ ಹತ್ತಿರದ ಆಳವಾದ ಬಣ್ಣ ಸಿಗುವುದರಿಂದ ಕಪ್ಪು ಬೇಕಾಗುವುದಿಲ್ಲ. ಕೆಂಪು ಕೊಳ್ಳುವಾಗ ಟ್ಯೂಬಿನ ಹಿಂದಿರುವ ವರ್ಣದ್ರವ್ಯದ ಸಂಖ್ಯೆ ನೋಡಿ: ಪಿಆರ್ 83 (PR 83) ಎಂದಿದ್ದರೆ ಅದು ಅಲಿಜರಿನ್ ಎಂಬ ಹಳೆಯ ಬಗೆಯ ಕೆಂಪು, ಬಿಳಿಯೊಂದಿಗೆ ತೆಳುವಾಗಿ ಬೆರೆಸಿದಾಗ ಕಾಲಕ್ರಮದಲ್ಲಿ ಮಾಸುತ್ತದೆ. ‘ಫ್ಲೆಶ್ ಟಿಂಟ್’ ಎಂಬ ಹೆಸರಿನ ಗುಲಾಬಿ ಟ್ಯೂಬು ನಮ್ಮ ಯಾರ ಮೈಬಣ್ಣಕ್ಕೂ ಹೊಂದುವುದಿಲ್ಲ. ಕುಂಚಗಳಲ್ಲಿ ಹಂದಿಗೂದಲಿನ ಎರಡು ಚಪ್ಪಟೆ ಕುಂಚ, ಮೃದುವಾದ ಎರಡು ಸಿಂಥೆಟಿಕ್ ಕುಂಚ ಇದ್ದರೆ ಮೊದಲ ಚಿತ್ರ ಮುಗಿಯುತ್ತದೆ.

ಗಾಣದಲ್ಲಿ ಅಗಸೆ ಎಣ್ಣೆ ಸಿಗುತ್ತಲ್ಲ, ಅದೇ ಲಿನ್ಸೀಡ್ ಆಯಿಲ್ ಅಲ್ವಾ? ಅದನ್ನ ಬಳಸಿದ್ರೆ ಆಗಲ್ವಾ?

ಬೀಜ ಒಂದೇ, ಎಣ್ಣೆಯ ಸಂಸ್ಕಾರ ಬೇರೆ. ಅಡುಗೆಗೆಂದು ತೆಗೆದ ಅಗಸೆ ಎಣ್ಣೆಯಲ್ಲಿ ಬೀಜದ ಲೋಳೆಯ ಅಂಶ ಉಳಿದಿರುತ್ತದೆ, ಬಾಟಲಿಯಲ್ಲಿ ಬರುವ ಕೆಲವದರಲ್ಲಿ ಬೇಗ ಕೆಡದಿರಲೆಂದು ಬೆರೆಸಿದ ಪದಾರ್ಥಗಳೂ ಇರುತ್ತವೆ. ಎಣ್ಣೆ ಕೆಡದಂತೆ ತಡೆಯುವ ಪದಾರ್ಥವೇ ಬಣ್ಣ ಒಣಗುವುದನ್ನೂ ತಡೆಯುತ್ತದೆ, ಏಕೆಂದರೆ ತೈಲವರ್ಣ ಒಣಗುವುದು ನೀರಿನಂತೆ ಆರಿಹೋಗುವುದರಿಂದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುವುದರಿಂದ. ಚಿತ್ರಕಾರರಿಗೆಂದು ಶುದ್ಧೀಕರಿಸಿದ ಚಿಕ್ಕ ಬಾಟಲಿಯನ್ನೇ ಕೊಳ್ಳಿ, ಅದು ತಿಂಗಳುಗಟ್ಟಲೆ ಬರುತ್ತದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಎಂದಿಗೂ ಪದರವಾಗಿ ಗಟ್ಟಿಯಾಗುವುದಿಲ್ಲ. ಅವನ್ನು ಬಣ್ಣಕ್ಕೆ ಎಂದಿಗೂ ಬೆರೆಸಬೇಡಿ.

ಟರ್ಪೆಂಟೈನ್ ವಾಸನೆಗೆ ತಲೆನೋವು ಬರುತ್ತೆ. ಮಲಗೋ ಕೋಣೇಲೇ ಕೆಲ್ಸ ಮಾಡ್ಬೇಕು, ಏನಾದ್ರೂ ತೊಂದ್ರೆ ಆಗುತ್ತಾ?

ತಲೆನೋವು ಬರುತ್ತಿದೆ ಎಂದರೆ ಗಾಳಿ ಸಾಲದು ಎಂದರ್ಥ. ಎದುರುಬದುರಿನ ಎರಡು ಕಿಟಕಿ ತೆರೆದು, ಟರ್ಪೆಂಟೈನಿನಂಥ, ಬಣ್ಣ ತೆಳು ಮಾಡುವ ದ್ರಾವಕದ ಡಬ್ಬಿಗೆ ಸದಾ ಮುಚ್ಚಳ ಹಾಕಿ. ವಾಸನೆ ಕಡಿಮೆಯಿರುವ ದ್ರಾವಕಗಳೂ ಸಿಗುತ್ತವೆ, ಆದರೆ ಅವುಗಳ ಆವಿಯೂ ಒಳ್ಳೆಯದಲ್ಲ. ಮಲಗುವ ಕೋಣೆಯಲ್ಲಿ ಮೊದಲ ತೆಳು ಪದರಕ್ಕೆ ಮಾತ್ರ ದ್ರಾವಕ ಬಳಸಿ, ನಂತರದ ದಿನಗಳಲ್ಲಿ ಕುಂಚವನ್ನು ಅಡುಗೆ ಎಣ್ಣೆಯಲ್ಲಿ ಅದ್ದಿ ಒರೆಸಿ, ಬಳಿಕ ಸೋಪಿನಲ್ಲಿ ತೊಳೆಯಿರಿ. ಮತ್ತೆ ಬಣ್ಣಕ್ಕೆ ಅದ್ದುವ ಮುನ್ನ ಕುಂಚದಲ್ಲಿ ಆ ಎಣ್ಣೆಯ ಪಸೆ ಸ್ವಲ್ಪವೂ ಉಳಿದಿರಬಾರದು.

ಇದಕ್ಕಿಂತ ದೊಡ್ಡ ಅಪಾಯ ಒರೆಸುವ ಬಟ್ಟೆಯದು. ಲಿನ್ಸೀಡ್ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಒಳಗೇ ಸಿಕ್ಕಿಕೊಂಡು, ಬೆಂಕಿಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿಡಿ. ನನ್ನ ತರಗತಿಯಲ್ಲಿ ಇದನ್ನು ಪಾಲಿಸದವರಿಗೆ ಕುಂಚ ಹಿಡಿಯಲು ಬಿಡುವುದಿಲ್ಲ.

ಉತ್ತರದ ಕಿಟಕಿ ಬೆಳಕು ಬೇಕು ಅಂತ ಪುಸ್ತಕದಲ್ಲಿ ಓದಿದ್ದೆ. ಆದ್ರೆ ನಮ್ಮನೇಲಿ ಜೂನ್‌ನಲ್ಲಿ ಉತ್ತರದಿಂದಾನೇ ಬಿಸಿಲು ಬರುತ್ತಲ್ಲ?

ನೀವು ಗಮನಿಸಿದ್ದು ಸರಿ. ಆ ಮಾತು ಯುರೋಪಿನಂಥ ಉತ್ತರದ ನಾಡುಗಳಿಗೆ ಹೇಳಿದ್ದು, ಅಲ್ಲಿ ನಡುಹಗಲ ಸೂರ್ಯ ಎಂದೂ ಉತ್ತರಕ್ಕೆ ಸರಿಯುವುದಿಲ್ಲ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹೀಗಾಗಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ, ಬೆಳಿಗ್ಗೆ ಸಂಜೆಯ ಬಿಸಿಲು ಉತ್ತರದ ಕಿಟಕಿಯಿಂದ ಓರೆಯಾಗಿ ಒಳಗೆ ಬರುತ್ತದೆ. ಆ ತಿಂಗಳುಗಳಲ್ಲಿ ಕಿಟಕಿಗೆ ಬಿಳಿಯ ತೆಳು ಪಂಚೆಯನ್ನು ಪರದೆಯಾಗಿ ಕಟ್ಟಿ, ಅಥವಾ ದಕ್ಷಿಣದ ಕಿಟಕಿಗೆ ಬದಲಾಯಿಸಿಕೊಳ್ಳಿ. ಬೇಕಾದದ್ದು ದಿಕ್ಕಲ್ಲ, ಕೆಲಸದ ಹೊತ್ತಿನಲ್ಲಿ ಬದಲಾಗದ ಬೆಳಕು.

## ಮೊದಲ ಪದರಗಳು

ಚಿತ್ರನ ಕ್ಯಾನ್ವಾಸಿಗೆ ಇಳಿಸೋಕೆ ಟ್ರೇಸ್ ಮಾಡ್ಬಹುದಾ, ಇಲ್ಲಾ ಚೌಕ ಹಾಕ್ಬೇಕಾ?

ಚೌಕ ಹಾಕಿ. ಮುದ್ರಿತ ಪ್ರತಿಯ ಮೇಲೂ ಕ್ಯಾನ್ವಾಸಿನ ಮೇಲೂ ಸಮ ಸಂಖ್ಯೆಯ ಚೌಕಗಳನ್ನು ಎಳೆದು, ಒಂದೊಂದು ಚೌಕವನ್ನೂ ಬೇರೆಯೇ ಚಿತ್ರವೆಂಬಂತೆ ಬರೆದಾಗ ಕಣ್ಣು ತಾನಾಗಿ ಅಳೆಯಲು ಕಲಿಯುತ್ತದೆ. ಟ್ರೇಸ್ ಮಾಡಿದರೆ ಹೊರಗೆರೆ ಸಿಗುತ್ತದೆ, ಅಳತೆಯ ಅಭ್ಯಾಸ ಸಿಗುವುದಿಲ್ಲ. ಇದ್ದಿಲಿನ ಪುಡಿ ಬಣ್ಣದೊಂದಿಗೆ ಬೆರೆತು ಕೊಳೆಯಾಗುವುದರಿಂದ, ರೇಖೆಗಳನ್ನು ತೆಳುವಾದ ಅಂಬರ್ ಬಣ್ಣದಲ್ಲಿ ತೀಡಿ, ಒಣಗಿದ ಮೇಲೆ ಇದ್ದಿಲನ್ನು ಒರೆಸಿಬಿಡಿ.

ನೇರವಾಗಿ ಬಣ್ಣ ಹಚ್ಚೋದು ಬಿಟ್ಟು ಕಂದು ಬಣ್ಣದಲ್ಲೇ ಇಡೀ ಚಿತ್ರ ಒಂದ್ಸಲ ಯಾಕೆ ಬರೀಬೇಕು? ಬೇಜಾರಾಗುತ್ತೆ.

ಈ ಹಂತವನ್ನು ದಾಟಿಕೊಂಡು ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ. ಬಣ್ಣ ಬೆರೆಸುವಾಗ ನಾವು ಒಂದೇ ಕೈಯಲ್ಲಿ ಎರಡು ತೀರ್ಮಾನ ಮಾಡುತ್ತಿರುತ್ತೇವೆ: ಇದು ಯಾವ ಬಣ್ಣ, ಮತ್ತು ಇದು ಎಷ್ಟು ಕಪ್ಪು ಅಥವಾ ಎಷ್ಟು ಬಿಳುಪು. ಆಕೃತಿ ದುಂಡಾಗಿ ಎದ್ದು ಕಾಣುವುದು ಎರಡನೆಯ ತೀರ್ಮಾನದಿಂದ. ಬಣ್ಣ ತುಸು ಹೆಚ್ಚುಕಡಿಮೆಯಾದರೂ ಮುಖ ಮುಖವಾಗಿಯೇ ಇರುತ್ತದೆ. ನೆರಳಿನ ಪ್ರಮಾಣ ತಪ್ಪಿದರೆ ಎಷ್ಟು ಚೆಂದದ ಬಣ್ಣ ಹಚ್ಚಿದರೂ ಮೂಗು ಚಪ್ಪಟೆಯಾಗಿಯೇ ಉಳಿಯುತ್ತದೆ.

ಕೆಲಸದ ಕ್ರಮ ಹೀಗಿದೆ. ಬರ್ಂಟ್ ಅಂಬರನ್ನು ಟರ್ಪೆಂಟೈನಿನಲ್ಲಿ ನೀರಾಗಿ ಕಲಸಿ ಇಡೀ ಕ್ಯಾನ್ವಾಸಿಗೆ ಬಳಿದು, ಬಟ್ಟೆಯಿಂದ ಒರೆಸಿ, ತಿಳಿಗಂದಿನ ನೆಲ ಮಾಡಿಕೊಳ್ಳಿ. ಅದೇ ಬಣ್ಣದಲ್ಲಿ ನೆರಳಿನ ಭಾಗಗಳನ್ನೆಲ್ಲ ಒಂದೇ ಗುಂಪಾಗಿ ತುಂಬಿ. ಕಣ್ಣಿನ ಗುಳಿ, ಮೂಗಿನ ಪಕ್ಕ, ಗಲ್ಲದ ಕೆಳಗು, ಕತ್ತು ಬೇರೆ ಬೇರೆ ಎಂದೆಣಿಸದೆ, ಒಂದಕ್ಕೊಂದು ಕೂಡಿಕೊಂಡ ಒಂದೇ ಆಕಾರ ಎಂದು ನೋಡಿ. ಬೆಳಕಿನ ಜಾಗದಲ್ಲಿ ಹಸಿ ಬಣ್ಣವನ್ನು ಬಟ್ಟೆಯ ತುದಿಯಿಂದ ಎತ್ತಿ ತೆಗೆಯಿರಿ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ, ಅಡಿಪದರಕ್ಕೆ ಅದನ್ನೇ ಆರಿಸಿಕೊಳ್ಳುವುದಕ್ಕೆ ಅದೂ ಒಂದು ಕಾರಣ. ಒಣಗಿದ ಮೇಲೆ ಅಂಬರ್ ಮತ್ತು ಬಿಳಿ ಬೆರೆಸಿ ಐದು ಮಟ್ಟದ ಛಾಯೆಗಳನ್ನು ಪ್ಯಾಲೆಟ್ಟಿನ (ಬಣ್ಣ ಬೆರೆಸುವ ಹಲಗೆಯ) ಮೇಲೆ ಸಾಲಾಗಿ ಇಟ್ಟುಕೊಂಡು, ಆ ಐದರಲ್ಲೇ ಇಡೀ ಆಕೃತಿಯನ್ನು ಮುಗಿಸಿ. ಮೂಲಚಿತ್ರವನ್ನೂ ನಿಮ್ಮದನ್ನೂ ಮೊಬೈಲಿನಲ್ಲಿ ಕಪ್ಪು ಬಿಳುಪಿಗೆ ತಿರುಗಿಸಿ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಕ್ಷಣ ಕಾಣುತ್ತದೆ.

ಮೇಲಿನ ಬಣ್ಣ ಬಿರುಕು ಬಿಡ್ತಿದೆ. ಕ್ಯಾನ್ವಾಸ್ ಸರಿ ಇಲ್ವಾ?

ಬಹುತೇಕ ಸಂದರ್ಭಗಳಲ್ಲಿ ಕ್ಯಾನ್ವಾಸ್ ಸರಿಯಾಗಿಯೇ ಇರುತ್ತದೆ, ಪದರಗಳ ಕ್ರಮ ತಪ್ಪಿರುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಎಣ್ಣೆ ಹೆಚ್ಚು ಎಂಬುದು ನಿಯಮ. ಎಣ್ಣೆ ಹೆಚ್ಚಿರುವ ಪದರ ನಿಧಾನವಾಗಿ ಗಟ್ಟಿಯಾಗುತ್ತಾ ಬಹಳ ಕಾಲ ಅಲುಗಾಡುತ್ತಿರುತ್ತದೆ; ಅದರ ಮೇಲೆ ಬೇಗ ಒಣಗಿ ಬಿಗಿಯುವ ತೆಳು ಪದರ ಹಚ್ಚಿದರೆ ಮೇಲಿನದು ಸೀಳುತ್ತದೆ.

ಮಳೆಗಾಲದಲ್ಲಿ ವಾರ ಆದ್ರೂ ಅಂಟಂಟು. ಬೀರುವಿನ ಹಿಂದೆ ಇಟ್ಟು ಒಣಗಿಸ್ಲಾ?

ಬೇಡ. ಕತ್ತಲೆಯಲ್ಲಿ ಒಣಗಿದ ಲಿನ್ಸೀಡ್ ಎಣ್ಣೆ ಹೆಚ್ಚು ಹಳದಿಯಾಗುತ್ತದೆ. ನೇರ ಬಿಸಿಲಿಲ್ಲದ, ಗಾಳಿಯಾಡುವ, ಬೆಳಕಿರುವ ಕೋಣೆಯಲ್ಲಿ ಗೋಡೆಗೆ ತಾಗದಂತೆ ನಿಲ್ಲಿಸಿ. ತಂಪಾದ ತೇವದ ಹವೆಯಲ್ಲಿ ಒಣಗುವುದು ನಿಧಾನವೇ. ಆ ದಿನಗಳನ್ನು ಮುಂದಿನ ಪದರದ ಅಭ್ಯಾಸಕ್ಕೆ ಕಾಗದದ ಮೇಲೆ ಬಳಸಿಕೊಳ್ಳಿ.

## ಮೈಬಣ್ಣ, ರೇಷ್ಮೆ, ಜರಿ

ಮೈಬಣ್ಣ ಎಷ್ಟು ಬೆರೆಸಿದ್ರೂ ಸುಣ್ಣ ಬಳಿದ ಹಾಗೆ ಬರುತ್ತೆ. ಎಲ್ಲಿ ತಪ್ತಿದ್ದೀನಿ?

ಬಿಳಿ ಹೆಚ್ಚಾಗಿದೆ. ಟೈಟೇನಿಯಂ ವೈಟ್ ಬಣ್ಣವನ್ನು ತಿಳಿಯಾಗಿಸುವುದರ ಜೊತೆಗೆ ತಣ್ಣಗೂ ಮಾಡುತ್ತದೆ. ಓಕರ್ ಮತ್ತು ಸಿಯೆನ್ನಾ ಬೆರೆಸಿ ನಡುಛಾಯೆಯ ಗುಡ್ಡೆಯೊಂದನ್ನು ಮೊದಲು ಮಾಡಿ. ಅದರಿಂದಲೇ ಒಂದು ಪಾಲು ತೆಗೆದು ಓಕರ್ ಮತ್ತು ಸ್ವಲ್ಪ ಬಿಳಿ ಸೇರಿಸಿದರೆ ಬೆಳಕಿನ ಬಣ್ಣ, ಇನ್ನೊಂದು ಪಾಲಿಗೆ ಅಂಬರ್ ಮತ್ತು ಕೆಂಪು ಸೇರಿಸಿದರೆ ನೆರಳಿನ ಬಣ್ಣ. ಬೆಳಕು ನೆರಳಿಗೆ ತಿರುಗುವ ಕೆನ್ನೆಯ ಅಂಚನ್ನು ಹತ್ತಿರದಿಂದ ನೋಡಿ: ಅಲ್ಲಿ ಕಂದೂ ಇಲ್ಲ, ಕೆಂಪೂ ಇಲ್ಲ, ತುಸು ಹಸಿರು ಬೆರೆತ ಬೂದು ಪಟ್ಟಿಯೊಂದು ಹಾದುಹೋಗುತ್ತದೆ. ನಡುಛಾಯೆಗೆ ಕಡ್ಡಿಯ ತುದಿಯಷ್ಟು ಅಲ್ಟ್ರಾಮರೀನ್ ಸೇರಿಸಿದರೆ ಅದು ಸಿಗುತ್ತದೆ. ಆ ಪಟ್ಟಿ ಬಂದ ಕ್ಷಣ ಕೆನ್ನೆ ತಿರುಗುತ್ತದೆ. ಕಿವಿ, ಮೂಗಿನ ತುದಿ, ಬೆರಳ ಗೆಣ್ಣುಗಳಲ್ಲಿ ಕೆಂಪು ಸ್ವಲ್ಪ ಮುಂದಾಗಿರಲಿ.

ಎಲ್ಲಾ ಸರಿಯಾಗೇ ಬರೆದಿದ್ದೀನಿ, ಆದ್ರೂ ಆಕೃತಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಲ್ಲ?

ಹೊರಗೆರೆ ಸುತ್ತಲೂ ಒಂದೇ ಸಮನೆ ಚೂಪಾಗಿರುವುದು ಇದಕ್ಕೆ ಕಾರಣ. ನೆರಳಿನ ಕಡೆಯ ಭುಜ, ಕೂದಲು ಹಿನ್ನೆಲೆಗೆ ಸೇರುವ ಜಾಗ, ನೆಲಕ್ಕೆ ಹರಡಿದ ಸೀರೆಯ ತುದಿ, ಇವುಗಳಲ್ಲಿ ಬಣ್ಣ ಇನ್ನೂ ಹಸಿಯಾಗಿರುವಾಗ ಒಣ ಕುಂಚದಿಂದ ಎರಡೂ ಕಡೆಯನ್ನು ಮೆಲ್ಲಗೆ ಬೆಸೆಯಿರಿ. ಚೂಪಾದ ಅಂಚನ್ನು ಮುಖದ ಬೆಳಕಿನ ಭಾಗಕ್ಕೆ, ವಾದ್ಯದ ಮೇಲಿನ ಬೆರಳುಗಳಿಗೆ ಮೀಸಲಿಡಿ.

ಜರಿಗೆ ಗೋಲ್ಡ್ ಪೇಂಟ್ ಹಾಕಿದ್ರೆ ಬೇಗ ಆಗುತ್ತಲ್ಲ ಮೇಡಂ?

ಬೇಗ ಆಗುತ್ತದೆ, ಆದರೆ ಚಿನ್ನದ ಬಣ್ಣ ಬೆಳಕಿನಲ್ಲೂ ನೆರಳಿನಲ್ಲೂ ತನ್ನದೇ ಹೊಳಪನ್ನು ಹೊಳೆಯುತ್ತಾ ನೆರಿಗೆಯ ಏರಿಳಿತವನ್ನೆಲ್ಲ ಅಳಿಸಿಬಿಡುತ್ತದೆ. ಮನೆಯಲ್ಲಿರುವ ಮೈಸೂರು ರೇಷ್ಮೆ ಸೀರೆಯೊಂದನ್ನು ಕುರ್ಚಿಯ ಬೆನ್ನಿನ ಮೇಲೆ ಹೊದಿಸಿ, ಪಕ್ಕದ ಕಿಟಕಿಯ ಬೆಳಕಿನಲ್ಲಿ ಅದರ ಅಂಚನ್ನು ನೋಡಿ. ನೆರಿಗೆಯ ಒಳಗೆ ಜರಿ ಕಡುಗಂದು; ನೆರಿಗೆ ಮೇಲೆ ಬಂದಂತೆ ಮಂಕು ಓಕರ್; ತಿರುವಿನ ಅತ್ಯುನ್ನತ ಗೆರೆಯಲ್ಲಿ ಮಾತ್ರ ಬಿಳಿಗೆ ಹತ್ತಿರದ ಹಳದಿಯ ಚುಕ್ಕೆಗಳು, ಅವೂ ಬಿಡಿಬಿಡಿಯಾಗಿ. ಅಂಬರ್, ಓಕರ್, ಓಕರ್ ಬೆರೆಸಿದ ಬಿಳಿ, ಈ ಮೂರನ್ನು ಇದೇ ಅನುಕ್ರಮದಲ್ಲಿ ಇಟ್ಟು, ಕೊನೆಯ ಚುಕ್ಕೆಯನ್ನು ದಪ್ಪ ಬಣ್ಣದಲ್ಲಿ ಒತ್ತಿ ಬಿಟ್ಟರೆ, ಗೇಣು ದೂರದಲ್ಲಿ ಕೆಸರಿನಂತೆ ಕಂಡದ್ದು ನಾಲ್ಕು ಹೆಜ್ಜೆ ಹಿಂದೆ ಸರಿದಾಗ ಚಿನ್ನವಾಗುತ್ತದೆ. ಸೀರೆಯ ಒಡಲಿನ ಕೆಂಪನ್ನು ಒಣಗಿದ ಕಂದು ಪದರದ ಮೇಲೆ ಎಣ್ಣೆ ಬೆರೆಸಿ ಪಾರದರ್ಶಕವಾಗಿ ಹರಡಿದರೆ ರೇಷ್ಮೆಯ ಆಳ ಸಿಗುತ್ತದೆ.

ನಾನು ಮೈಸೂರು ಸಾಂಪ್ರದಾಯಿಕ ಶೈಲಿ ಕಲ್ತಿದ್ದೀನಿ. ಅದು ಇಲ್ಲಿ ಉಪಯೋಗಕ್ಕೆ ಬರುತ್ತಾ?

ರೇಖೆಯ ಹಿಡಿತ, ತಾಳ್ಮೆ, ಆಭರಣದ ಜ್ಞಾನ ಖಂಡಿತ ಬರುತ್ತವೆ. ಬಿಟ್ಟುಕೊಡಬೇಕಾದದ್ದು ಹೊರಗೆರೆಯನ್ನು. ಸಾಂಪ್ರದಾಯಿಕ ಶೈಲಿಯಲ್ಲಿ ಗೆರೆಯೇ ರೂಪವನ್ನು ಹಿಡಿದು ನಿಲ್ಲಿಸುತ್ತದೆ, ಗೆಸ್ಸೋ ಎಂಬ ಗಟ್ಟಿ ಲೇಪದ ಉಬ್ಬು ಕೆಲಸದ ಮೇಲೆ ಕೂರಿಸಿದ ಚಿನ್ನದ ರೇಕು ನಿಜವಾದ ಬೆಳಕನ್ನೇ ಹಿಡಿಯುತ್ತದೆ. ತೈಲವರ್ಣದಲ್ಲಿ ಎರಡು ಛಾಯೆಗಳು ಸಂಧಿಸುವ ಜಾಗವೇ ಗೆರೆ, ಚಿನ್ನವೂ ಬರೆದು ತೋರಿಸಬೇಕಾದದ್ದೇ.

## ಮುಂದಿನ ಹಂತ

ಒಣಗಿದ ಮೇಲೆ ಕಪ್ಪು ಜಾಗ ಎಲ್ಲಾ ಬೂದಿ ಬಣ್ಣಕ್ಕೆ ತಿರುಗಿದೆ. ಮತ್ತೆ ಬಣ್ಣ ಹಚ್ಚ್ಬೇಕಾ?

ಬೇಡ. ಕೆಳಗಿನ ಪದರ ಮೇಲಿನ ಎಣ್ಣೆಯನ್ನು ಹೀರಿಕೊಂಡಿದೆ ಅಷ್ಟೇ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಆ ಜಾಗಕ್ಕೆ ಮಾತ್ರ ಲಿನ್ಸೀಡ್ ಎಣ್ಣೆಯನ್ನು ಅತಿ ತೆಳುವಾಗಿ ತೀಡಿ, ಹೆಚ್ಚಾದುದನ್ನು ಪೂರ್ತಿ ಒರೆಸಿ, ಆಳ ಮರಳುತ್ತದೆ. ಈ ಕೆಲಸ ಮಾಡದೆ ಬಣ್ಣ ಹೊಂದಿಸಲು ಹೋದರೆ ಹೊಸ ಬಣ್ಣ ತಪ್ಪಿಯೇ ತಪ್ಪುತ್ತದೆ.

ಅದೇ ದೃಶ್ಯನ ನಮ್ಮ ಅಕ್ಕನ್ನ, ಅತ್ತಿಗೆನ್ನ ಕೂರಿಸ್ಕೊಂಡು ಹೊಸದಾಗಿ ಮಾಡ್ಬಹುದಾ?

ಮೊದಲ ಪ್ರತಿ ಮುಗಿದ ಮೇಲೆ ಮಾಡಲೇಬೇಕಾದ ಕೆಲಸ ಇದು. ರವಿವರ್ಮ ಅವರೂ ರೂಪದರ್ಶಿಗಳನ್ನೂ ಛಾಯಾಚಿತ್ರಗಳನ್ನೂ ಬಳಸಿದವರೇ. ಮೂಲದಲ್ಲಿ ಬೆಳಕು ಯಾವ ಎತ್ತರದಿಂದ, ಯಾವ ಪಕ್ಕದಿಂದ ಬಂದಿದೆಯೋ ಹಾಗೆ ಕಿಟಕಿಯ ಬಳಿ ಕೂರಿಸಿ, ಉಳಿದ ದೀಪಗಳನ್ನೆಲ್ಲ ಆರಿಸಿ. ಇಪ್ಪತ್ತು ನಿಮಿಷಕ್ಕೊಮ್ಮೆ ವಿರಾಮ ಕೊಡಿ, ಕುಳಿತ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತಿಸಿಕೊಳ್ಳಿ. ಫೋಟೋ ತೆಗೆದುಕೊಳ್ಳುವುದಿದ್ದರೆ ನೆರಳುಗಳು ಅದರಲ್ಲಿ ಇರುವುದಕ್ಕಿಂತ ಕಪ್ಪಾಗಿ ಬರುತ್ತವೆ ಎಂಬುದು ನೆನಪಿರಲಿ. ಮೈಬಣ್ಣದ ಟಿಪ್ಪಣಿಯನ್ನು ಎದುರಿಗೆ ಕುಳಿತವರನ್ನು ನೋಡಿಯೇ ಮಾಡಿ. ಅತ್ತಿಗೆಯವರ ಮುಖಕ್ಕೆ ಚಿತ್ರದ ಮುಖವನ್ನು ತೊಡಿಸಲು ಹೋಗಬೇಡಿ. ಭಂಗಿ ಮತ್ತು ಬೆಳಕು ಹಳೆಯದಿರಲಿ, ಮನುಷ್ಯರು ನಿಮ್ಮವರೇ ಆಗಿರಲಿ.

ನಾನು ಮಾಡಿರೋ ಪ್ರತಿ ಮಾರಬಹುದಾ? ಸಹಿ ಯಾರದ್ದು ಹಾಕ್ಬೇಕು?

ಭಾರತದ ಕಾನೂನಿನಲ್ಲಿ ಕಲಾಕೃತಿಯ ಹಕ್ಕುಸ್ವಾಮ್ಯ ಕಲಾವಿದರ ಮರಣಾನಂತರ 60 ವರ್ಷಗಳವರೆಗೆ ಇರುತ್ತದೆ, ಎಣಿಕೆ ಮರುವರ್ಷದ ಆರಂಭದಿಂದ. ರವಿವರ್ಮ ಅವರು ತೀರಿಕೊಂಡದ್ದು 1906ರಲ್ಲಿ, ಹಾಗಾಗಿ ಅವರ ಚಿತ್ರಗಳ ಪ್ರತಿ ಮಾಡುವುದಕ್ಕೂ ಮಾರುವುದಕ್ಕೂ ಆ ಅಡ್ಡಿಯಿಲ್ಲ. ಹಲ್ದಂಕರ್ ಅವರು ತೀರಿಕೊಂಡದ್ದು 1968ರಲ್ಲಿ. ಅವರ ಚಿತ್ರಗಳನ್ನು ಸ್ವಂತ ಅಭ್ಯಾಸಕ್ಕೆ ಬರೆಯಬಹುದು, ಮಾರಾಟದ ಯೋಚನೆ 2028 ಮುಗಿಯುವವರೆಗೆ ಬೇಡ. ಸಹಿ ನಿಮ್ಮದೇ ಇರಬೇಕು. ಮೂಲದ ಅಳತೆಯಲ್ಲೇ ಬರೆಯಬೇಡಿ, ಮತ್ತು ಕ್ಯಾನ್ವಾಸಿನ ಹಿಂಬದಿಯಲ್ಲಿ ಇದು ಯಾರ ಚಿತ್ರವನ್ನು ಅನುಸರಿಸಿದ್ದು, ಯಾವ ವರ್ಷ ಮಾಡಿದ್ದು ಎಂದು ಅಳಿಸದ ಶಾಯಿಯಲ್ಲಿ ಬರೆಯಿರಿ. ಮುಂದೆ ಆ ಚಿತ್ರ ಯಾರ ಕೈಗೆ ಹೋದರೂ ಅವರು ಮೋಸಹೋಗಬಾರದು.

ವಾರ್ನಿಷ್ ಯಾವಾಗ ಹೊಡೀಬೇಕು? ಮುಂದಿನ ತಿಂಗಳು ಗೃಹಪ್ರವೇಶ ಇದೆ, ಅಷ್ಟರೊಳಗೆ ನೇತು ಹಾಕ್ಬೇಕು.

ನೇತುಹಾಕಿ, ಆದರೆ ವಾರ್ನಿಷ್ ಹಚ್ಚಬೇಡಿ. ಮೇಲ್ಮೈ ಮುಟ್ಟಲು ಒಣಗಿದ್ದರೂ ಒಳಗಿನ ಎಣ್ಣೆ ಇನ್ನೂ ಗಟ್ಟಿಯಾಗುತ್ತಲೇ ಇರುತ್ತದೆ. ತೆಳು ಪದರದ ಚಿತ್ರಕ್ಕೆ ಕನಿಷ್ಠ ಆರು ತಿಂಗಳು, ದಪ್ಪ ಬಣ್ಣವಿದ್ದರೆ ಒಂದು ವರ್ಷ ಬಿಡಿ. ಹೊಸ ಮನೆಯ ಗಾರೆಯಲ್ಲಿ ತೇವ ಇರುವುದರಿಂದ ಚೌಕಟ್ಟಿನ ಹಿಂದಿನ ನಾಲ್ಕು ಮೂಲೆಗಳಿಗೆ ಬಿರಡೆಯ ಚೂರುಗಳನ್ನು ಅಂಟಿಸಿ ಗೋಡೆಗೂ ಕ್ಯಾನ್ವಾಸಿಗೂ ನಡುವೆ ಗಾಳಿಯಾಡುವಂತೆ ಮಾಡಿ, ಇಲ್ಲದಿದ್ದರೆ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ಹೋಮದ ಹೊಗೆ ತಾಗುವ ಕೋಣೆಯಲ್ಲಿ ಮಾತ್ರ ಆ ದಿನ ಇಡಬೇಡಿ. ವಾರ್ನಿಷ್ ಇಲ್ಲದ ಬಣ್ಣದ ಮೇಲೆ ಕೂತ ಮಸಿಯನ್ನು ತೆಗೆಯುವುದು ಬಹಳ ಕಷ್ಟ.